ಹಳ್ಳಿಗೆ ಮನೆ ಬದಲಿಸಿದವರಿಗೆ ದನದ ಭಯವೇ? ಮೊದಲು ಏನು, ಆಮೇಲೆ ಏನು

ಪೇಟೆಯಿಂದ ಬಂದು ಹಳ್ಳಿಯಲ್ಲಿ ಮನೆ ಮಾಡಿದವರಲ್ಲಿ ಬಹಳ ಮಂದಿ ದನಕರುಗಳ ವಿಷಯದಲ್ಲಿ ಒಂದೇ ಕಡೆ ಎಡವುತ್ತಾರೆ. ಬಂದ ವಾರದಲ್ಲೇ ಭಯ ಬಿಡಿಸಿಕೊಂಡುಬಿಡಬೇಕೆಂದು ಬಾಳೆಹಣ್ಣು ಹಿಡಿದು ಪಕ್ಕದ ಮನೆಯ ಹಸುವಿನ ಹಣೆ ಸವರಲು ಹೋಗುತ್ತಾರೆ. ಹಸು ತಲೆ ಕೊಡವುತ್ತದೆ, ಕೊಂಬು ಕೈಗೆ ತಗಲುತ್ತದೆ. ಅಲ್ಲಿಂದ ಮುಂದೆ ಬೀದಿಯ ತುದಿಯ ಅಂಗಡಿಗೂ ಕಾರಿನಲ್ಲೇ ಹೋಗುವುದು ಶುರುವಾಗುತ್ತದೆ.

ಊರಿನವರ ಸಮಾಧಾನವೂ ಕೆಲಸಕ್ಕೆ ಬರುವುದಿಲ್ಲ. "ಏನೂ ಮಾಡುವುದಿಲ್ಲ, ಬನ್ನಿ" ಎನ್ನುತ್ತಾರೆ. 400 ಕಿಲೋ ತೂಗುವ ಪ್ರಾಣಿ ಏನಾದರೂ ಮಾಡಬಲ್ಲದು ಎಂಬುದು ಹೇಳುವವರಿಗೂ ಗೊತ್ತು, ಕೇಳುವವರಿಗೂ ಗೊತ್ತು. ಅದು ಯಾವಾಗ ಮಾಡುತ್ತದೆ, ಮಾಡುವ ಮುಂಚೆ ಏನು ತೋರಿಸುತ್ತದೆ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ. ಕೊಟ್ಟಿಗೆಯಲ್ಲೇ ಬೆಳೆದವರಿಗೆ ಅದು ಹೇಳಿಕೊಡಬೇಕಾದ ಸಂಗತಿ ಎಂದು ತೋಚುವುದೂ ಇಲ್ಲ.

ಕ್ರಮ ಹೀಗಿರಲಿ: ಮೊದಲು ಕೇಳುವುದು, ಆಮೇಲೆ ದೂರದಿಂದ ನೋಡುವುದು, ಆಮೇಲೆ ದಾಟಿ ಹೋಗುವುದು, ಇವೆಲ್ಲ ಆದ ಮೇಲೆ ಮುಟ್ಟುವುದು. ಮುಟ್ಟದೆಯೇ ಹಳ್ಳಿಯಲ್ಲಿ ಜೀವನವಿಡೀ ಇರಬಹುದು. ದಾಟುವುದನ್ನು ಕಲಿಯದೆ ಒಂದು ವಾರ ಇರುವುದೂ ಕಷ್ಟ. ಇಲ್ಲಿನ ವಿವರಗಳನ್ನು ಹಾಸನ, ತುಮಕೂರು, ಶಿವಮೊಗ್ಗದ ಕಡೆಯ ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ.

## ಬೇಕಾಗುವ ಸಾಮಾನು

ಗಂಬೂಟು ಮೊದಲು ಕೊಳ್ಳಿ. ಗಂಜಲ ಬಿದ್ದ ಕಲ್ಲುಚಪ್ಪಡಿಯ ಮೇಲೆ ಹವಾಯಿ ಚಪ್ಪಲಿ ಜಾರುತ್ತದೆ. ಹಸು ಬೇಕೆಂದು ತುಳಿಯುವುದಿಲ್ಲ, ಆದರೆ ಕಾಲು ಎತ್ತಿ ಇಡುವಾಗ ನಿಮ್ಮ ಬೆರಳು ಎಲ್ಲಿದೆ ಎಂದು ನೋಡುವುದೂ ಇಲ್ಲ.

ಎದೆಯೆತ್ತರದ ಒಂದು ಬಿದಿರ ಕೋಲು ಇರಲಿ. ಇದು ಹೊಡೆಯುವುದಕ್ಕಲ್ಲ. ಅಡ್ಡ ಹಿಡಿದರೆ ನಿಮ್ಮ ಕೈ ಅಷ್ಟು ಉದ್ದವಾಗಿ ದನಕ್ಕೆ ಕಾಣುತ್ತದೆ, ನಾಯಿಗಳೂ ದೂರ ನಿಲ್ಲುತ್ತವೆ. ಬೇರೆಯವರ ದನಕ್ಕೆ ಒಂದೇ ಒಂದು ಏಟು ಹಾಕಿದರೂ ಊರಿನಲ್ಲಿ ಅದು ವರ್ಷಗಟ್ಟಲೆ ಮಾತಾಗುತ್ತದೆ.

ಒಳ್ಳೆಯ ಟಾರ್ಚ್ ಬೇಕು. ಕತ್ತಲಲ್ಲಿ ದಾರಿಗಡ್ಡ ಮಲಗಿದ ಎಮ್ಮೆ ಕಾಲಿಗೆ ಸಿಕ್ಕುವವರೆಗೂ ಕಾಣುವುದಿಲ್ಲ. ಮನೆಯ ಹೊರಗಿನ ನಲ್ಲಿಯ ಹತ್ತಿರ ಸೋಪು ಇಡಿ. ಫೋನಿನಲ್ಲಿ ನಾಲ್ಕು ನಂಬರು ಇರಲಿ: ಅಕ್ಕಪಕ್ಕದ ದನಗಳ ಮನೆಯವರದ್ದು, ಹತ್ತಿರದ ಪಶು ಆಸ್ಪತ್ರೆಯದ್ದು, ಪಶು ಚಿಕಿತ್ಸೆಯ ವಾಹನ ಕರೆಸುವ 1962, ಮನುಷ್ಯರ ಆಂಬ್ಯುಲೆನ್ಸಿನ 108.

ಕೆಂಪು ಬಟ್ಟೆಗಳನ್ನೆಲ್ಲ ಪೆಟ್ಟಿಗೆಗೆ ತುಂಬುವ ಅಗತ್ಯವಿಲ್ಲ. ದನಗಳಿಗೆ ಕೆಂಪು ಬಣ್ಣ ನಮಗೆ ಕಂಡಂತೆ ಕಾಣುವುದಿಲ್ಲ. ಅವು ಬೆದರುವುದು ಪಟಪಟ ಆಡುವ ವಸ್ತುವಿಗೆ: ಗಾಳಿಗೆ ಹಾರುವ ದುಪಟ್ಟಾ, ತಟ್ಟನೆ ಬಿಚ್ಚಿಕೊಳ್ಳುವ ಛತ್ರಿ, ಸದ್ದು ಮಾಡುವ ಪ್ಲಾಸ್ಟಿಕ್ ಮಳೆಕೋಟು.

## ಹಂತ 1: ದನಕ್ಕಿಂತ ಮೊದಲು ದನದ ಮನೆಯವರು

ಊರಿನಲ್ಲಿ ಯಾವ ಹಸು ಹಾಯುತ್ತದೆ, ಯಾವ ಎತ್ತು ಒದೆಯುತ್ತದೆ, ಯಾರ ಮನೆಯ ನಾಯಿ ಬೊಗಳದೆ ಕಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಹಾಗಾಗಿ ನೀವೇ ಕೇಳಬೇಕು.

ಸಂಜೆ ದನ ಕಟ್ಟಿ, ಡೇರಿಗೆ ಹಾಲು ಹಾಕಿ ಬಂದ ಮೇಲೆ ಮನೆಯವರು ಜಗಲಿಯಲ್ಲಿ ಕೂತಿರುವ ಹೊತ್ತಿಗೆ ಹೋಗಿ. "ಅಕ್ಕಾ, ನನಗೆ ದನ ಅಂದರೆ ಸ್ವಲ್ಪ ಭಯ. ಇವುಗಳಲ್ಲಿ ಹಾಯುವುದು ಯಾವುದು?" ಎಂದು ನೇರವಾಗಿ ಕೇಳಿ. ನಗುತ್ತಾರೆ, ನಗಲಿ. ನಗುತ್ತಲೇ ಒಂದೊಂದರ ಜಾತಕವನ್ನೂ ಬಿಚ್ಚಿಡುತ್ತಾರೆ. ಭಯವನ್ನು ಮುಚ್ಚಿಟ್ಟು "ವಾಸನೆ ಬರುತ್ತದೆ", "ಆರೋಗ್ಯಕ್ಕೆ ಒಳ್ಳೆಯದಲ್ಲ" ಎಂದು ಸುತ್ತು ಬಳಸಿ ಮಾತನಾಡುವವರು ಒಂದೇ ವಾರದಲ್ಲಿ ಊರಿಗೆ ಬೇಡವಾಗುತ್ತಾರೆ.

ತಿಳಿದುಕೊಳ್ಳಬೇಕಾದ್ದು ಇಷ್ಟು: ಯಾವುದು ಈಚೆಗೆ ಕರು ಹಾಕಿದೆ, ಯಾವುದು ಗಬ್ಬವಾಗಿದೆ, ಬೀಜದ ಹೋರಿ ಅಥವಾ ದೇವರಿಗೆ ಬಿಟ್ಟ ಬಸವ ಊರಿನಲ್ಲಿ ಇದೆಯೇ, ದನ ಮೇಯಲು ಹೊರಡುವುದು ಎಷ್ಟು ಹೊತ್ತಿಗೆ, ಯಾವ ದಾರಿಯಲ್ಲಿ, ಮರಳುವುದು ಎಷ್ಟು ಹೊತ್ತಿಗೆ.

ತಳಿಯನ್ನೂ ಕೇಳಿಡಿ. ಕಪ್ಪು ಬಿಳಿ ಮಚ್ಚೆಯ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಎಂಬ ವಿದೇಶಿ ತಳಿ) ಮಿಶ್ರತಳಿ ಕೊಟ್ಟಿಗೆಯಲ್ಲೇ ಬೆಳೆದದ್ದು, ಸಾಮಾನ್ಯವಾಗಿ ಸಾಧು. ಅದರ ಅಪಾಯವೆಲ್ಲ ಅದರ ತೂಕದಲ್ಲಿದೆ. ಬೂದು ಬಣ್ಣದ, ಹಿಂದಕ್ಕೆ ಬಾಗಿದ ಉದ್ದ ಕೊಂಬಿನ ಹಳ್ಳಿಕಾರ್ ಚುರುಕು, ಬೇಗ ಬೆದರುತ್ತದೆ, ಹೊಸಬರನ್ನು ಸುಲಭಕ್ಕೆ ಸೇರಿಸುವುದಿಲ್ಲ. ಮಲೆನಾಡು ಗಿಡ್ಡ ನೋಡಲು ಪುಟ್ಟದು, ಆದರೆ ತಿರುಗುವುದು ಮಿಂಚಿನ ಹಾಗೆ. ಎಮ್ಮೆಯ ಮುಖ ಹೊಸಬರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುತ್ತದೆ. ನಿಜದಲ್ಲಿ ಅದಕ್ಕೇ ನಿಮ್ಮ ಮೇಲೆ ಅನುಮಾನ ಹೆಚ್ಚು. ಅಪರಿಚಿತರು ಹತ್ತಿರ ನಿಂತರೆ ಎಷ್ಟೋ ಎಮ್ಮೆಗಳು ಹಾಲನ್ನೇ ಇಳಿಸುವುದಿಲ್ಲ.

## ಹಂತ 2: ಒಂದೆರಡು ವಾರ ಬರೀ ನೋಡುವುದು

ಈ ಹಂತವನ್ನು ಹಾರಿಸಿದವರೇ ಮುಂದೆ ಸೋಲುತ್ತಾರೆ. ಜಗಲಿಯ ಮೇಲೆ ಅಥವಾ ಬೇಲಿಯ ಈಚೆ ಕೂತು, ಬೆಳಿಗ್ಗೆ ದನ ಬಿಡುವ ಹೊತ್ತು ಮತ್ತು ಸಂಜೆ ಮರಳುವ ಹೊತ್ತು, ಎರಡೂ ಹೊತ್ತು ನೋಡಿ. ಫೋನು ಒಳಗಿರಲಿ.

ನೋಡಬೇಕಾದ್ದು ಮುಖ್ಯವಾಗಿ ಕಿವಿ, ತಲೆ, ಬಾಲ. ಮೆಲುಕು ಹಾಕುತ್ತಾ ನಿಂತ ಹಸುವಿನ ಕಿವಿ ಪಕ್ಕಕ್ಕೆ ಸಡಿಲವಾಗಿ ಇಳಿಬಿದ್ದಿರುತ್ತದೆ, ಬಾಲ ನೊಣ ಓಡಿಸುವಷ್ಟೇ ಆಡುತ್ತದೆ. ಆ ಹೊತ್ತಿಗೆ ಬೈಕೊಂದು ಬಂದಿತೆನ್ನಿ: ಮೆಲುಕು ನಿಲ್ಲುತ್ತದೆ, ಕಿವಿಗಳೆರಡೂ ಮುಂದಕ್ಕೆ ನೆಟ್ಟಗಾಗುತ್ತವೆ, ತಲೆ ಮೇಲೇಳುತ್ತದೆ. ಅದು ಕೋಪವಲ್ಲ, "ಯಾರದು?" ಎಂಬ ವಿಚಾರಣೆ. ಬೈಕು ಹೋದ ಮೇಲೆ ಒಂದು ಉಸಿರು ಬಿಟ್ಟು ಮೆಲುಕು ಮತ್ತೆ ಶುರುವಾಗುತ್ತದೆ. ಹೊಸಬರು ಈ ವಿಚಾರಣೆಯ ನೋಟವನ್ನೇ ಸಿಟ್ಟು ಎಂದುಕೊಂಡು ಓಡುತ್ತಾರೆ. ಸಿಟ್ಟಿನ ಲಕ್ಷಣವೇ ಬೇರೆ, ಐದನೇ ಹಂತದಲ್ಲಿ ಬರುತ್ತದೆ.

ಇನ್ನೊಂದು ಸಂಗತಿ ಕಣ್ಣಿನದ್ದು. ದನದ ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತ ಬಹುಪಾಲು ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದಿನ ಜಾಗ ಮತ್ತು ಮೂಗಿನ ತೀರಾ ಮುಂದಿನ ಒಂದಿಷ್ಟು. ಆಳ, ದೂರ ಅಳೆಯುವುದರಲ್ಲಿ ಅದು ಸಪ್ಪೆ. ಅದಕ್ಕೇ ಚರಂಡಿಯ ನೆರಳು, ಹೊಳೆಯುವ ನೀರು, ನೆಲದ ಮೇಲೆ ಬಿದ್ದ ಪೈಪು ಕಂಡರೆ ತಟಸ್ಥವಾಗಿ ನಿಂತುಬಿಡುತ್ತದೆ. ನಿಮ್ಮ ಗೇಟಿನ ಮುಂದೆ ಹಸು ದಿನವೂ ಏಕೆ ನಿಲ್ಲುತ್ತದೆ ಎಂಬ ಪ್ರಶ್ನೆಗೆ ನೀವು ಹಾಸಿದ ಹೊಳಪಿನ ಟೈಲ್ಸೇ ಉತ್ತರವಾಗಿರಬಹುದು.

ಮುಂದಿನ ಹಂತಕ್ಕೆ ಹೋಗಬಹುದು ಎಂಬುದಕ್ಕೆ ಗುರುತು: ದಾರಿಯಲ್ಲಿ ಬರುವ ಐದಾರು ದನಗಳಲ್ಲಿ ಯಾವುದು ಮುಂದಾಳು, ಯಾವುದು ಹಿಂದೆ ಬೀಳುತ್ತದೆ, ಯಾವುದು ಬೇರೆಯದನ್ನು ತಳ್ಳುತ್ತದೆ ಎಂದು ನೋಡಿದೊಡನೆ ಹೇಳಲು ಬರಬೇಕು.

## ಹಂತ 3: ದಾರಿಯಲ್ಲಿ ಎದುರಾದಾಗ ದಾಟುವುದು

ಬಿಟ್ಟ ದನ. ದೂರದಿಂದಲೇ ಸಾಧಾರಣ ದನಿಯಲ್ಲಿ ಮಾತನಾಡುತ್ತಾ ಬನ್ನಿ. ಏನು ಮಾತನಾಡಿದರೂ ಆಗುತ್ತದೆ, ನೀವು ಬರುತ್ತಿರುವುದು ಅದಕ್ಕೆ ತಿಳಿದರೆ ಸಾಕು. ನೇರ ಮುಖಕ್ಕೆ ನಡೆಯಬೇಡಿ, ದಿಟ್ಟಿಸಬೇಡಿ. ರಸ್ತೆಯ ಒಂದು ಅಂಚು ಹಿಡಿದು, ಓರೆಯಾಗಿ, ಒಂದೇ ವೇಗದಲ್ಲಿ ದಾಟಿ. ಹಿಂದಿನಿಂದ ದಾಟುವುದಾದರೆ ಕಾಲಿಗೆ ಎಟುಕದಷ್ಟು ದೂರದಲ್ಲಿ ಸುತ್ತಿ ಬನ್ನಿ. ಹಸು ಕುದುರೆಯ ಹಾಗೆ ಬರೀ ಹಿಂದಕ್ಕೆ ಒದೆಯುವುದಿಲ್ಲ, ಹಿಂಗಾಲನ್ನು ಮುಂದಕ್ಕೂ ಪಕ್ಕಕ್ಕೂ ಬೀಸಿ ಒದೆಯುತ್ತದೆ. ಪಕ್ಕೆಗೆ ನಿಂತರೆ ಕ್ಷೇಮ ಎಂದುಕೊಳ್ಳುವವರಿಗೆ ಇದೇ ಪಾಠ ಕಲಿಸುವುದು.

ಇಕ್ಕಟ್ಟಿನ ಓಣಿ. ಎರಡು ಕಡೆ ಗೋಡೆಯಿರುವ ಓಣಿಯಲ್ಲಿ ದನ ಬರುತ್ತಿದ್ದರೆ ಒಳಗೆ ಕಾಲಿಡಬೇಡಿ. ಅದಕ್ಕೆ ತಿರುಗಲು ಜಾಗವಿಲ್ಲ, ನಿಮಗೂ ಇಲ್ಲ. ಅದು ಹೊರಗೆ ಬರುವ ತನಕ ಕಾಯಿರಿ. ಈಗಾಗಲೇ ಒಳಗಿದ್ದರೆ ಯಾರದಾದರೂ ಮನೆಯ ಜಗಲಿ ಹತ್ತಿ ನಿಲ್ಲಿ. ಹಳ್ಳಿಯಲ್ಲಿ ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಅಡ್ಡ ನಿಂತ ದನ ಸರಿಸುವುದು. ಹೆಗಲಿನ ಜಾಗವನ್ನು ನೆನಪಿಡಿ. ಅದರ ಹೆಗಲಿಗಿಂತ ಹಿಂದೆ, ಪಕ್ಕದಲ್ಲಿ, ನಾಲ್ಕೈದು ಮಾರು ದೂರ ನಿಂತು ಒಂದು ಹೆಜ್ಜೆ ಹತ್ತಿರವಾದರೆ ಅದು ಮುಂದಕ್ಕೆ ನಡೆಯುತ್ತದೆ. ಹೆಗಲಿಗಿಂತ ಮುಂದೆ ಬಂದರೆ ಹಿಂಜರಿಯುತ್ತದೆ ಅಥವಾ ತಿರುಗುತ್ತದೆ. ಹೊಸಬರು ಮುಖದ ಮುಂದೆ ನಿಂತು "ಹೋಗು, ಹೋಗು" ಎಂದು ಕೈ ಬೀಸುತ್ತಾರೆ. ಪಾಪ, ಹೋಗಬೇಕಾದ ದಿಕ್ಕಿಗೆ ಇವರೇ ಅಡ್ಡ ನಿಂತಿರುತ್ತಾರೆ.

ಕಟ್ಟಿದ ದನ. ಗದ್ದೆಬದುವಿನಲ್ಲಿ ಗೂಟ ಹೊಡೆದು ಮೇಯಲು ಕಟ್ಟಿದ ಹಸುವನ್ನು "ಕಟ್ಟಿದೆಯಲ್ಲ" ಎಂದು ಹಗುರವಾಗಿ ತೆಗೆದುಕೊಳ್ಳಬೇಡಿ. ಮೊದಲು ಗೂಟ ಎಲ್ಲಿದೆ ನೋಡಿ, ಆಮೇಲೆ ಹಗ್ಗ ಎತ್ತ ಹೋಗಿದೆ ನೋಡಿ. ಹುಲ್ಲು ಬೋಳಾಗಿರುವ ದುಂಡನೆಯ ಗೆರೆಯೊಂದು ನೆಲದ ಮೇಲೆ ಕಾಣುತ್ತದೆ. ಬಾಯಿ ಎಟುಕಿದ್ದು ಅಲ್ಲಿಯ ತನಕ. ಬಾಯಿ ಅಲ್ಲಿಯವರೆಗೆ ಬಂದರೆ, ತಿರುಗಿ ನಿಂತಾಗ ಹಿಂಗಾಲು ಇನ್ನೊಂದು ಹಸುವಿನುದ್ದ ಆಚೆಗೂ ಬರುತ್ತದೆ. ಹಾಗಾಗಿ ಬೋಳು ಗೆರೆಯಿಂದ ಮೂರು ಮಾರು ಹೊರಗೆ ನಡೆಯಿರಿ. ಗೂಟಕ್ಕೂ ಹಸುವಿಗೂ ನಡುವೆ ಎಂದೂ ದಾಟಬೇಡಿ. ಹುಲ್ಲಿನಲ್ಲಿ ಮುಚ್ಚಿದ ಹಗ್ಗ ಹಸು ಬೆದರಿದ ಕ್ಷಣ ಮೊಣಕಾಲೆತ್ತರಕ್ಕೆ ಬಿಗಿಯಾಗುತ್ತದೆ, ನೀವು ಮುಗ್ಗರಿಸುತ್ತೀರಿ.

ಕುರಿಮಂದೆ. ಬೇಸಗೆಯಲ್ಲಿ ಬಯಲುಸೀಮೆಯ ಕುರಿಗಾಹಿಗಳು ನೂರಾರು ಕುರಿ, ನಾಯಿ, ಸಾಮಾನು ಹೊತ್ತ ಕುದುರೆಗಳೊಂದಿಗೆ ಊರೂರು ದಾಟುತ್ತಾರೆ. ಗೊಬ್ಬರಕ್ಕಾಗಿ ರೈತರು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಕುರಿಗಳಿಂದ ನಿಮಗೇನೂ ಆಗುವುದಿಲ್ಲ. ಎಚ್ಚರ ಬೇಕಾದ್ದು ನಾಯಿಗಳ ವಿಷಯದಲ್ಲಿ. ಕತ್ತಲಾದ ಮೇಲೆ ಮಂದೆಯ ಹತ್ತಿರ ಸುಳಿಯಬೇಡಿ. ಹೋಗಲೇಬೇಕಾದರೆ ದೂರದಿಂದ ಕೂಗಿ, ಕುರಿಗಾಹಿ ಓಗೊಟ್ಟ ಮೇಲೆ ಮುಂದೆ ಹೋಗಿ.

ಕಾರಿನಲ್ಲಿದ್ದರೆ. ಹಾರನ್ ಬೇಡ. ನಿಲ್ಲಿಸಿ, ಕಾಯಿರಿ. ಹಾರನ್ನಿಗೆ ಬೆದರಿದ ದನ ಕಾರಿನ ಕಡೆಗೇ ತಿರುಗುವುದುಂಟು. ಕರು ರಸ್ತೆಯ ಒಂದು ಕಡೆ, ತಾಯಿ ಇನ್ನೊಂದು ಕಡೆ ಇದ್ದರೆ ಅವೆರಡೂ ಒಂದೇ ಕಡೆ ಸೇರುವ ತನಕ ಗಾಡಿ ಮುಂದೆ ಬಿಡಬೇಡಿ.

## ಹಂತ 4: ಹತ್ತಿರ ಹೋಗುವುದು, ಬೇಕಿದ್ದರೆ ಮುಟ್ಟುವುದು

ಮನೆಯವರು ಜೊತೆಗಿದ್ದಾಗ ಮಾತ್ರ. ಮೊದಲ ಸಲ ಗೋದಲಿಯ ಆಚೆ ನಿಂತು, ಅವರು ಹುಲ್ಲು ಹಾಕುವುದನ್ನು ನೋಡಿ ಬನ್ನಿ. ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಗೆ ನುಗ್ಗಬೇಡಿ. ಬೆದರಿದ ಹಸು ಹಾಲು ಹಿಡಿದುಕೊಳ್ಳುತ್ತದೆ, ಅಥವಾ ತಂಬಿಗೆ ಒದೆಯುತ್ತದೆ. ನಷ್ಟ ಆ ಮನೆಯವರಿಗೆ.

ಹಾಲು ಕರೆಯುವವರು ಯಾವ ಪಕ್ಕದಲ್ಲಿ ಕೂರುತ್ತಾರೋ ಆ ಪಕ್ಕದಿಂದಲೇ, ಹೆಗಲಿನ ನೇರಕ್ಕೆ ಹೋಗಿ. ಅದಕ್ಕೆ ಮನುಷ್ಯರು ಬಂದು ಅಭ್ಯಾಸವಿರುವುದು ಆ ಕಡೆಯಿಂದ. ಕೈ ಮುಷ್ಟಿ ಹಿಡಿದು ಹಿಂಬದಿ ಮುಂದಕ್ಕೆ ಚಾಚಿ, ಮೂಸಲು ಬಿಡಿ. ಮೂಸಿದ ಮೇಲೆ ಕತ್ತಿನ ಪಕ್ಕ ಅಥವಾ ಕೊರಳಿನ ಕೆಳಗೆ ಜೋಲುವ ಗಂಗೆದೊಗಲನ್ನು ಬೆರಳಿನಿಂದ ಕೆರೆಯಿರಿ. ಬಹಳಷ್ಟು ಹಸುಗಳು ಕತ್ತು ಉದ್ದ ಮಾಡಿ ಕೊಡುತ್ತವೆ.

ಹಣೆ ಮುಟ್ಟಬೇಡಿ. ದನಗಳು ಒಂದರೊಡನೊಂದು ಬಲ ನೋಡುವುದು ಹಣೆಗೆ ಹಣೆ ಒತ್ತಿ. ನೀವು ಅಕ್ಕರೆಯಿಂದ ಒತ್ತಿದ್ದನ್ನು ಅದು ಪಂಥಾಹ್ವಾನವಾಗಿ ತೆಗೆದುಕೊಂಡರೆ ತಪ್ಪು ಅದರದ್ದಲ್ಲ. ಕರುವಿನ ಹಣೆ ಒತ್ತಿ ಆಟವಾಡಿಸುವುದಂತೂ ಕೆಟ್ಟ ಅಭ್ಯಾಸ. ಗಂಡುಕರು ಎರಡು ವರ್ಷದಲ್ಲಿ ಹೋರಿಯಾಗುತ್ತದೆ, ಆಟ ಮಾತ್ರ ಮರೆಯುವುದಿಲ್ಲ.

ತಿನ್ನಿಸುವ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು ಬೇಕು. ಗೃಹಪ್ರವೇಶದ ಮಾರನೆಯ ದಿನ ಉಳಿದ ಅನ್ನವನ್ನೆಲ್ಲ ಪುಣ್ಯ ಬರಲಿ ಎಂದು ಹಸುವಿಗೆ ಸುರಿಯುವವರಿದ್ದಾರೆ. ಹುಲ್ಲು ಅರಗಿಸಲು ಹೊಂದಿಕೊಂಡ ಹೊಟ್ಟೆಯಲ್ಲಿ ರಾಶಿ ಅನ್ನ ಬಿದ್ದರೆ ಬೇಗನೆ ಹುಳಿಯುತ್ತದೆ, ಆಮ್ಲ ಏರುತ್ತದೆ, ಹಸು ಮೇವು ಬಿಟ್ಟು ಮಲಗುತ್ತದೆ. ಒಂದೆರಡು ದಿನದಲ್ಲಿ ಸತ್ತದ್ದೂ ಉಂಟು. ಮನೆಯವರನ್ನು ಕೇಳದೆ ಏನನ್ನೂ ಕೊಡಬೇಡಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಇದ್ದರೆ ಅವರ ಕಲಗಚ್ಚಿನ ಬಾನಿಗೆ ಹಾಕಬಹುದೇ ಎಂದು ಕೇಳಿ. ಸಂತೋಷವಾಗಿ ಒಪ್ಪುತ್ತಾರೆ.

## ಹಂತ 5: ಅಪಾಯದ ಸೂಚನೆ, ಆಗ ಮಾಡಬೇಕಾದ್ದು

ಕರು ಹಾಕಿದ ಹಸು, ಎಮ್ಮೆ. ಊರಿನ ಅತಿ ಸಾಧು ಹಸುವೂ ಈದ ಮೊದಲ ದಿನಗಳಲ್ಲಿ ಬೇರೆಯೇ ಪ್ರಾಣಿ. ಕರುವಿಗೂ ನಿಮಗೂ ನಡುವೆ ಬಂದು ನಿಲ್ಲುವುದು, ತಲೆ ತಗ್ಗಿಸಿ ಮೂಗಿನಿಂದ ಬುಸ್ ಎನ್ನುವುದು, ನೋಟ ಕದಲಿಸದಿರುವುದು, ಇವು ಅದರ ಕೊನೆಯ ಎಚ್ಚರಿಕೆಗಳು. ಕಾಡಂಚಿನಲ್ಲಿ ಮೇಯುವ ಹಸು ಕರುವನ್ನು ಪೊದೆಯಲ್ಲಿ ಮಲಗಿಸಿ ಮೇಯಲು ಹೋಗುತ್ತದೆ. ಒಂಟಿ ಕರು ಕಂಡರೆ "ಅಯ್ಯೋ, ತಾಯಿ ಬಿಟ್ಟು ಹೋಗಿದೆ" ಎಂದು ಎತ್ತಿಕೊಳ್ಳಲು ಹೋಗಬೇಡಿ. ತಾಯಿ ಅಲ್ಲೇ ಎಲ್ಲೋ ಇರುತ್ತದೆ. ದೂರ ಸರಿದು ಮನೆಯವರಿಗೆ ಫೋನು ಮಾಡಿ.

ಹೋರಿ, ಬಸವ. ಇದು ಹೆಚ್ಚಾಗಿ ಮೊದಲು ಎದುರು ಬರುವುದಿಲ್ಲ, ಅಡ್ಡ ನಿಂತು ಮೈ ತೋರಿಸುತ್ತದೆ. ಬೆನ್ನು ಬಿಲ್ಲಾಗುತ್ತದೆ, ತಲೆ ಕೆಳಗಾಗುತ್ತದೆ, ಗಂಟಲಿನಲ್ಲಿ ಗುರುಗುಟ್ಟುವ ಸದ್ದು, ಮುಂಗಾಲಿನಿಂದ ಮಣ್ಣು ಕೆದರಿ ಬೆನ್ನ ಮೇಲೆ ಎರಚಿಕೊಳ್ಳುವುದು. ಈ ಅಡ್ಡ ನಿಲುವನ್ನು "ದಾರಿ ಬಿಟ್ಟಿತು" ಎಂದು ತಪ್ಪು ತಿಳಿದು ಮುಂದೆ ಹೋಗುವುದೇ ದೊಡ್ಡ ತಪ್ಪು. ಬೆನ್ನು ತೋರಿಸದೆ, ಓಡದೆ, ಒಂದೊಂದೇ ಹೆಜ್ಜೆ ಹಿಂದಕ್ಕೆ ಓರೆಯಾಗಿ ಸರಿದು ಗೋಡೆ, ಮರ, ಗಾಡಿ ಯಾವುದಾದರೊಂದರ ಹಿಂದೆ ಸೇರಿಕೊಳ್ಳಿ.

ನುಗ್ಗಿ ಬಂದೇಬಿಟ್ಟರೆ. ಕೈಯಲ್ಲಿದ್ದ ಚೀಲ, ಟವೆಲು, ಛತ್ರಿಯನ್ನು ಒಂದು ಪಕ್ಕಕ್ಕೆ ಎಸೆದು ಇನ್ನೊಂದು ಪಕ್ಕಕ್ಕೆ ಸರಿಯಿರಿ. ನೇರ ಓಟದಲ್ಲಿ ನೀವು ಗೆಲ್ಲುವುದಿಲ್ಲ. ಬಯಲಿನ ಕಡೆ ಓಡುವ ಬದಲು ಹತ್ತಲು ಅಥವಾ ಅಡಗಲು ಆಗುವ ವಸ್ತುವಿನ ಕಡೆ ಓಡಿ. ಹಾಯ್ದು ಪೆಟ್ಟಾದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಹೊಟ್ಟೆ, ಪಕ್ಕೆಗೆ ಬಿದ್ದ ಕೊಂಬಿನ ಪೆಟ್ಟು ಒಳಗೆ ಏನು ಮಾಡಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಚರ್ಮ ಹರಿದಿದ್ದರೆ ಧನುರ್ವಾಯುವಿನ ಚುಚ್ಚುಮದ್ದು.

ಟಗರು. ಅದು ಎರಡು ಹೆಜ್ಜೆ ಹಿಂದೆ ಹೋದರೆ ಹೆದರಿತು ಎಂದುಕೊಳ್ಳಬೇಡಿ, ಗುದ್ದಲು ಜಾಗ ಮಾಡಿಕೊಳ್ಳುತ್ತಿದೆ. ಟಗರಿನ ಮುಂದೆ ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳುವುದು, ಬೆನ್ನು ಹಾಕುವುದು ಬೇಡ.

ಹುಂಜ. ನಗಬೇಡಿ, ಚಿಕ್ಕ ಮಕ್ಕಳಿಗೆ ಇದು ನಿಜವಾದ ತೊಂದರೆ. ಕಾಲಿನ ಮುಳ್ಳಿನಿಂದ ಹಾರಿ ಹೊಡೆಯುತ್ತದೆ, ಮುಖಕ್ಕೂ ಬರಬಹುದು. ನಡುವೆ ಬಕೆಟ್ಟೋ ಬುಟ್ಟಿಯೋ ಅಡ್ಡ ಹಿಡಿದರೆ ಸಾಕು.

ನಾಯಿ. ಓಡಬೇಡಿ, ಕಣ್ಣಿಗೆ ಕಣ್ಣಿಡಬೇಡಿ, ಕೋಲು ಕೆಳಮುಖವಾಗಿ ನಡುವೆ ಇರಲಿ. ಕಚ್ಚಿದರೆ, ಪರಚಿದರೂ ಅಷ್ಟೇ, ಕೂಡಲೇ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಸಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅಂದೇ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಶುರು ಮಾಡಿ, ವೈದ್ಯರು ಹೇಳಿದ ಅಷ್ಟೂ ಸಲ ಹಾಕಿಸಿಕೊಳ್ಳಿ. "ಊರಿನದೇ ನಾಯಿ, ಏನೂ ಆಗುವುದಿಲ್ಲ" ಎಂಬ ಮಾತಿಗೆ ಕಿವಿಗೊಡಬೇಡಿ. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ.

## ಹಂತ 6: ವಾಸನೆ, ನೊಣ, ಸದ್ದು

ಸೆಗಣಿಯ ವಾಸನೆ ಒಂದೆರಡು ತಿಂಗಳಲ್ಲಿ ಮೂಗಿಗೆ ರೂಢಿಯಾಗುತ್ತದೆ. ನೊಣ ಹಾಗಲ್ಲ. ಬಿಸಿಲ ದಿನಗಳಲ್ಲಿ ನೊಣ ಮೊಟ್ಟೆಯಿಂದ ಹಾರುವ ಹಂತಕ್ಕೆ ಬರಲು ಏಳರಿಂದ ಹತ್ತು ದಿನ ಸಾಕು, ತಿಪ್ಪೆ ಅದರ ತೊಟ್ಟಿಲು. ವಾರಕ್ಕೊಮ್ಮೆ ತಿಪ್ಪೆಯ ಮೇಲೆ ಮಣ್ಣು ಅಥವಾ ಒಣ ತರಗು ಮುಚ್ಚಿದರೆ, ಗಂಜಲ ನಿಲ್ಲದೆ ಹರಿದುಹೋಗುವ ಹಾಗಿದ್ದರೆ ಅರ್ಧ ಕಾಟ ಕಡಿಮೆ. ನೆರೆಯವರಿಗೆ ಇದನ್ನು ಉಪದೇಶವಾಗಿ ಹೇಳಿದರೆ ನಡೆಯುವುದಿಲ್ಲ. "ನನ್ನ ತೋಟಕ್ಕೆ ಎರಡು ಗಾಡಿ ಗೊಬ್ಬರ ಕೊಡಿ" ಎಂದು ದುಡ್ಡು ಕೊಟ್ಟು ಕೊಂಡರೆ ತಿಪ್ಪೆಯೂ ಕರಗುತ್ತದೆ, ಸಂಬಂಧವೂ ಉಳಿಯುತ್ತದೆ. ನಿಮ್ಮ ಕಿಟಕಿಗಳಿಗೆ ಜಾಲರಿ ಹಾಕಿಸುವುದು ನಿಮ್ಮ ಕೆಲಸ.

ಹುಲ್ಲಿನ ಬಣವೆ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಹಾವು. ಬಣವೆಯ ಬುಡದಲ್ಲಿ, ಸೌದೆ ರಾಶಿಯಲ್ಲಿ ಬರಿಗೈ ಹಾಕಬೇಡಿ.

ರಾತ್ರಿಯಿಡೀ ಹಸು ಕೂಗಿದರೆ ಯಾರೋ ಹಿಂಸಿಸುತ್ತಿದ್ದಾರೆಂದು ದೂರು ಕೊಡಲು ಹೊರಡಬೇಡಿ. ಬೆದೆಗೆ ಬಂದ ಹಸು ಹೀಗೆ ಕೂಗುತ್ತದೆ, ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೊಮ್ಮೆ ಮತ್ತೆ ಕೂಗುತ್ತದೆ. ಕರು ಮಾರಿದ ಮನೆಯಲ್ಲಿ ಎರಡು ಮೂರು ರಾತ್ರಿ ಕೂಗು ಕೇಳುತ್ತದೆ. ಕೇಳಲು ಸಂಕಟ, ನಿಜ.

## ಹಂತ 7: ರೋಗದ ಭಯ ಎಷ್ಟು, ಎಲ್ಲಿ

ಇಲ್ಲಿ ಹೊಸಬರು ಹೆದರಬೇಕಾದ್ದಕ್ಕೆ ಹೆದರುವುದಿಲ್ಲ, ಹೆದರಬೇಕಿಲ್ಲದ್ದಕ್ಕೆ ಬೆಚ್ಚುತ್ತಾರೆ. ಮೈಯೆಲ್ಲ ಗಂಟು ಬಿದ್ದ ಹಸು ಕಂಡು ಮಕ್ಕಳನ್ನು ಒಳಗೆ ಕೂಡಿಹಾಕುತ್ತಾರೆ. ಚರ್ಮಗಂಟು ರೋಗ ಮನುಷ್ಯರಿಗೆ ಹರಡುವುದಿಲ್ಲ. ಕಾಲುಬಾಯಿ ಜ್ವರದ ಬಗ್ಗೆಯೂ ನಿಮ್ಮ ಆರೋಗ್ಯಕ್ಕಾಗಿ ಚಿಂತಿಸಬೇಕಾಗಿಲ್ಲ. ಆದರೆ ಆ ಕೊಟ್ಟಿಗೆಗೆ ಹೋಗಿ ಅದೇ ಬೂಟಿನಲ್ಲಿ ಇನ್ನೊಂದು ಕೊಟ್ಟಿಗೆಗೆ ಹೋದರೆ ರೋಗ ಹೊತ್ತು ತಿರುಗಿದವರು ನೀವಾಗುತ್ತೀರಿ.

ಹಾಲನ್ನು ಕಾಯಿಸದೆ ಕುಡಿಯಬೇಡಿ. "ನೊರೆಹಾಲು ಕುಡಿಯಿರಿ, ಶಕ್ತಿ ಬರುತ್ತದೆ" ಎಂದು ಪ್ರೀತಿಯಿಂದ ಕೊಟ್ಟರೂ ಮನೆಗೆ ತಂದು ಕುದಿಸಿ. ಕಂದು ಹಾಕಿದ, ಅಂದರೆ ಗರ್ಭಪಾತವಾದ ಹಸುವಿನ ಹತ್ತಿರ, ಬಿದ್ದ ಕಸದ (ಮಾಸಿನ) ಹತ್ತಿರ ಬರಿಗೈಯಲ್ಲಿ ಹೋಗಬೇಡಿ. ಬ್ರುಸೆಲ್ಲೋಸಿಸ್ ಎಂಬ, ತಿಂಗಳುಗಟ್ಟಲೆ ಬಂದು ಹೋಗುವ ಜ್ವರ ಹರಡುವುದು ಮುಖ್ಯವಾಗಿ ಈ ಎರಡು ದಾರಿಯಲ್ಲಿ. ಗರ್ಭಿಣಿಯರು ದನ, ಕುರಿ, ಮೇಕೆಗಳ ಹೆರಿಗೆಯ ಜಾಗಕ್ಕೆ ಹೋಗಲೇಬಾರದು.

ಜೊಲ್ಲು ಸುರಿಸುತ್ತಾ, ಒಡೆದ ದನಿಯಲ್ಲಿ ಕೂಗುತ್ತಾ, ನುಂಗಲಾಗದೆ ಒದ್ದಾಡುವ ದನಕ್ಕೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯೊಳಗೆ ಕೈ ಹಾಕುವುದು ಹಳ್ಳಿಯವರೂ ಮಾಡುವ ತಪ್ಪು. ಅದು ರೇಬೀಸ್ ಆಗಿರಬಹುದು. ಇದ್ದಕ್ಕಿದ್ದಂತೆ ಸತ್ತು, ಮೂಗು ಬಾಯಿಯಿಂದ ಕಪ್ಪು ರಕ್ತ ಬಂದಿದ್ದರೆ ನೆರಡಿ ರೋಗದ (ಆಂಥ್ರಾಕ್ಸ್) ಅನುಮಾನ. ಯಾರೂ ಮುಟ್ಟಬಾರದು, ಕೊಯ್ಯಬಾರದು. ಎರಡಕ್ಕೂ ಪಶುವೈದ್ಯರನ್ನೇ ಕರೆಯಬೇಕು.

ಮಲೆನಾಡಿನಲ್ಲಿ ಮನೆ ಮಾಡಿದವರಿಗೆ ಇನ್ನೊಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣೆಗಳಿಂದ. ಕಾಡಿಗೆ ಮೇಯಲು ಹೋದ ದನದ ಮೈಮೇಲೆ ಉಣ್ಣೆ ಕೂತು ಕೊಟ್ಟಿಗೆಗೆ ಬರುತ್ತದೆ. ನವೆಂಬರ್, ಡಿಸೆಂಬರಿನಿಂದ ಮೇ ತಿಂಗಳವರೆಗೆ ಹೆಚ್ಚು ಎಚ್ಚರ ಬೇಕು: ಉಣ್ಣೆ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ತೈಲ ಹಚ್ಚಿಕೊಳ್ಳಿ, ಮೈತುಂಬ ಬಟ್ಟೆ ತೊಡಿ, ಮನೆಗೆ ಬಂದೊಡನೆ ಬಿಸಿನೀರು ಸ್ನಾನ ಮಾಡಿ ಬಟ್ಟೆಯನ್ನು ಬಿಸಿನೀರಿಗೆ ಹಾಕಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ಆ ಮಾತನ್ನು ಮೊದಲೇ ಹೇಳಿ. ಮಳೆಗಾಲದಲ್ಲಿ ಕೊಟ್ಟಿಗೆ ಸುತ್ತಲ ನಿಂತ ನೀರಿನಲ್ಲಿ ಬರಿಗಾಲಲ್ಲಿ ನಡೆಯದಿದ್ದರೆ ಇಲಿಜ್ವರದ ಭಯವೂ ಕಡಿಮೆ.

## ಹಂತ 8: ನಿಮ್ಮಿಂದ ದನಗಳಿಗೆ ಆಗುವ ಅಪಾಯ

ಹೊಸಬರ ಕಾಂಪೌಂಡಿನ ಅಂದಕ್ಕೆ ನೆಡುವ ಕಣಗಿಲೆ ದನಕ್ಕೆ ಘೋರ ವಿಷ. ಕತ್ತರಿಸಿದ ಕೊಂಬೆಗಳನ್ನು ಬೇಲಿಯಾಚೆ ಎಸೆದರೆ, ಒಣಗಿದ ಎಲೆ ತಿಂದರೂ ಹಸು ಸಾಯಬಹುದು. ಊಟ ತುಂಬಿದ ಪ್ಲಾಸ್ಟಿಕ್ ಕವರನ್ನು ಗಂಟು ಕಟ್ಟಿ ಹೊರಗಿಟ್ಟರೆ ಹಸು ಕವರಿನ ಸಮೇತ ನುಂಗುತ್ತದೆ, ಅದು ಹೊಟ್ಟೆಯಲ್ಲೇ ಉಳಿಯುತ್ತದೆ.

ದಾರಿಯ ಉಣಗೋಲು ಅಥವಾ ಗೇಟು ಮುಚ್ಚಿದ್ದರೆ ದಾಟಿ ಮುಚ್ಚಿ, ತೆರೆದಿದ್ದರೆ ತೆರೆದೇ ಬಿಡಿ. ನೀರಿಗೆ ದಾರಿ ಎಂದು ಅವರೇ ತೆರೆದಿಟ್ಟಿರಬಹುದು. ನಿಮ್ಮ ಹೂಗಿಡ ತಿಂದಿತೆಂದು ಪಂಚಾಯಿತಿಗೆ ಹೋಗುವ ಮುಂಚೆ ಮನೆಯವರ ಹತ್ತಿರ ಹೋಗಿ. ನಿಮ್ಮ ಬೇಲಿಯನ್ನೂ ಒಮ್ಮೆ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಮೂರಡಿ ಎತ್ತರದ ಚಂದದ ಬೇಲಿ ಮೇಕೆಗೆ ಮೆಟ್ಟಿಲು.

ಪೇಟೆಯಿಂದ ತಂದ ಸಾಕುನಾಯಿಯನ್ನು ದನದ ಹತ್ತಿರ ಸದಾ ಸರಪಳಿಯಲ್ಲಿ ಹಿಡಿಯಿರಿ. ಕರುವಿರುವ ಹಸು ಮನುಷ್ಯನಿಗಿಂತ ಮೊದಲು ನಾಯಿಯ ಮೇಲೆ ನುಗ್ಗುತ್ತದೆ. ಹಾಗೆ ನುಗ್ಗಿ ಬಂದೇಬಿಟ್ಟರೆ ಸರಪಳಿ ಬಿಟ್ಟುಬಿಡಿ. ನಾಯಿ ಓಡಿ ತಪ್ಪಿಸಿಕೊಳ್ಳುತ್ತದೆ, ನೀವು ಹಿಡಿದು ನಿಂತರೆ ಇಬ್ಬರಿಗೂ ಪೆಟ್ಟು. ನಾಯಿಗೆ ರೇಬೀಸ್ ಲಸಿಕೆ ವರ್ಷವರ್ಷವೂ ತಪ್ಪಬಾರದು.

## ಹಂತ 9: ಹಬ್ಬದ ದಿನಗಳು

ವರ್ಷದ ಕೆಲವು ದಿನ ಮೇಲಿನ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ದೀಪಾವಳಿಯಲ್ಲಿ ಪಟಾಕಿ ಸದ್ದಿಗೆ ದನ ಹಗ್ಗ ಕಿತ್ತು ಓಡುತ್ತದೆ. ಕೊಟ್ಟಿಗೆಯ ಹತ್ತಿರ, ಬಣವೆಯ ಹತ್ತಿರ ಪಟಾಕಿ ಹಚ್ಚಲೇಬೇಡಿ. ಹಾವೇರಿಯ ಕಡೆ ಹೋರಿ ಬೆದರಿಸುವ ಆಟ ಇರುವ ಊರಾದರೆ ಆ ದಿನ ಬೀದಿಗೇ ಇಳಿಯಬೇಡಿ, ಮಾಳಿಗೆಯ ಮೇಲಿಂದ ನೋಡಿ. ಉತ್ತರ ಕರ್ನಾಟಕದ ಕಾರಹುಣ್ಣಿಮೆಯಲ್ಲಿ ಎತ್ತು ಓಡಿಸುವಾಗಲೂ ಹಾಗೆಯೇ.

ಮೈಸೂರು, ಮಂಡ್ಯದ ಕಡೆ ಸಂಕ್ರಾಂತಿಯ ಸಂಜೆ ಕಿಚ್ಚು ಹಾಯಿಸುತ್ತಾರೆ. ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಹೂವು ಕಟ್ಟಿದ ದನಗಳನ್ನು ಉರಿಯುವ ಹುಲ್ಲಿನ ಮೇಲೆ ಹಾರಿಸುವಾಗ ಹಿಡಿದವರೂ ಓಡುತ್ತಿರುತ್ತಾರೆ, ಜನ ಕೂಗುತ್ತಿರುತ್ತಾರೆ, ದನಕ್ಕೆ ಎದುರಿನದ್ದು ಏನೂ ಕಾಣುವುದಿಲ್ಲ. ನಿಲ್ಲಬೇಕಾದ ಜಾಗ ಕಿಚ್ಚಿನ ಪಕ್ಕದ ಎತ್ತರದ ಜಗಲಿ. ಫೋಟೋ ಚೆನ್ನಾಗಿ ಬರುವುದು ಬೆಂಕಿಯ ಎದುರು ತುದಿಯಿಂದ ಎಂಬುದು ನಿಜ. ದನಗಳೆಲ್ಲ ಓಡಿ ಬರುವುದೂ ಆ ತುದಿಗೇ, ಆದ್ದರಿಂದ ಸಂಜೆಯಾಗುವ ಮೊದಲೇ ಹೋಗಿ ಜಗಲಿಯ ಮೇಲೆ ಜಾಗ ಹಿಡಿದುಕೊಳ್ಳಿ, ಮಕ್ಕಳ ಕೈ ಬಿಡಬೇಡಿ.